ಎತ್ತರಿಸಿದ ಜಿಪ್ಸಿಯಲ್ಲಿ ಟೈರು ತಿಕ್ಕುವುದನ್ನು ನಿಲ್ಲಿಸಿದ ಬಗೆ

ಅಣ್ಣಿಗೇರಿಯ ಆಚೆಗಿರುವ ಹೊಲಕ್ಕೆ ಹೋಗಿಬರಲೆಂದು ಕೊಂಡ ಹಳೆಯ ಮಾರುತಿ ಜಿಪ್ಸಿ ಕಿಂಗ್ ಗಾಡಿಯನ್ನು ಹಿಂದಿನ ಮಾಲೀಕರು ಆಗಲೇ ಎತ್ತರಿಸಿ ದೊಡ್ಡ ಗಾಲಿ ಹಾಕಿಸಿದ್ದರು. ಪಾಟಾ ಎಂದು ನಮ್ಮಲ್ಲಿ ಕರೆಯುವ ಕಮಾನು ಪಟ್ಟಿಗಳಿಗೆ ನಾಲ್ಕೂ ಮೂಲೆಯಲ್ಲಿ ಒಂದೊಂದು ಹೆಚ್ಚುವರಿ ಎಲೆ ಸೇರಿತ್ತು. ಪಾಟಾದ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್‌ಗಳು ಕಂಪನಿಯ ಅಳತೆಗಿಂತ 50 ಮಿಲಿಮೀಟರ್ ಉದ್ದವಿದ್ದವು. 205/70 ಆರ್15 ಟೈರುಗಳು ಇರಬೇಕಾದ ಜಾಗದಲ್ಲಿ ಏಳು ಇಂಚು ಅಗಲದ ರಿಮ್ಮುಗಳ ಮೇಲೆ 235/75 ಆರ್15 ಅಳತೆಯ, ಒರಟು ಗಟ್ಟಿಗಳ ಮಡ್ ಟೈರುಗಳು ಕುಳಿತಿದ್ದವು. ನಿಂತಾಗ ಗಾಡಿಗೆ ಗತ್ತು ಬಂದಿತ್ತೆಂಬುದು ನಿಜ. ಆದರೆ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಒಳಗಿನಿಂದ ಕೊರೆಯುವ ಸದ್ದು ಬರುತ್ತಿತ್ತು, ಕಾಲುವೆಯ ಏರಿಯಿಂದ ಇಳಿಯುವಾಗ ಮುಂದಿನ ಮಡ್‌ಗಾರ್ಡಿನೊಳಗೆ ಟೈರು ಬಡಿಯುತ್ತಿತ್ತು, ಹಿಂದೆ ಕಡಲೆಯ ಚೀಲಗಳನ್ನು ಹೇರಿ ಬದು ದಾಟಿದರೆ ಹಿಂಬದಿಯ ಗಾಲಿಯೂ ಮೈಯ ತಗಡನ್ನು ಸವರಿಕೊಂಡೇ ಉರುಳುತ್ತಿತ್ತು.

ಇದನ್ನು ನೋಡಿದ ಬಹುತೇಕರು ಕೊಟ್ಟ ಸಲಹೆ ಒಂದೇ: ಇನ್ನೆರಡು ಇಂಚು ಎತ್ತಿಸಬೇಕು. ಆ ಸಲಹೆಯನ್ನು ಒಪ್ಪದಿರಲು ಕಾರಣಗಳಿದ್ದವು, ಮತ್ತು ಕೆಲಸ ಮುಗಿದಾಗ ಗಾಡಿಯ ಮುಂಭಾಗವು ಬಂದಾಗ ಇದ್ದುದಕ್ಕಿಂತ 25 ಮಿಲಿಮೀಟರ್ ಕೆಳಗೆ ಕುಳಿತಿದೆ. ತಿಕ್ಕುವಿಕೆ ನಿಂತಿದೆ. ಹಾಗಾದದ್ದು ಹೇಗೆಂಬುದನ್ನು ಮಾಡಿದ ಕ್ರಮದಲ್ಲಿಯೇ ದಾಖಲಿಸಿದ್ದೇನೆ. ಇದೇ ಬಗೆಯ ಪಾಟಾ ಗಾಡಿಗಳನ್ನು ಇಟ್ಟುಕೊಂಡವರಿಗೆ ಅಳತೆಗಳು ಸ್ವಲ್ಪ ಬದಲಾದರೂ ಕ್ರಮ ಬದಲಾಗಲಾರದು.

ಮೊದಲು ಕಾಗದದ ಮೇಲಿನ ಲೆಕ್ಕ. ಟೈರಿನ ಅಳತೆಯಲ್ಲಿ ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಅಗಲದ ಶೇಕಡಾವಾರಿನಲ್ಲಿ ಗೋಡೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 205/70 ಆರ್15 ಟೈರಿನ ವ್ಯಾಸ 668 ಮಿಲಿಮೀಟರ್, 235/75 ಆರ್15 ಟೈರಿನದು 733.5 ಮಿಲಿಮೀಟರ್. ಅಂದರೆ ತ್ರಿಜ್ಯದಲ್ಲಿ ಹೆಚ್ಚುಕಡಿಮೆ 33 ಮಿಲಿಮೀಟರ್ ಬೆಳವಣಿಗೆ. ಅಗಲದ ಲೆಕ್ಕ ಇಷ್ಟು ಸರಳವಲ್ಲ, ಏಕೆಂದರೆ ಟೈರು ಒಳಗೆಷ್ಟು ಹೊರಗೆಷ್ಟು ಚಾಚುತ್ತದೆ ಎಂಬುದನ್ನು ರಿಮ್ಮಿನ ಆಫ್‌ಸೆಟ್, ಅಂದರೆ ಹಬ್ಬಿಗೆ ಕೂರುವ ಮುಖಕ್ಕೂ ರಿಮ್ಮಿನ ನಡುಗೆರೆಗೂ ಇರುವ ಅಂತರ, ನಿರ್ಧರಿಸುತ್ತದೆ. ರಿಮ್ಮನ್ನು ಅಂಗಾತ ಮಲಗಿಸಿ, ಒಳ ಅಂಚಿನ ಮೇಲೆ ನೇರವಾದ ಪಟ್ಟಿಯನ್ನಿಟ್ಟು, ಅಲ್ಲಿಂದ ಹಬ್ಬಿಗೆ ಕೂರುವ ಮುಖದವರೆಗೆ ಅಳೆದರೆ ಬ್ಯಾಕ್ ಸ್ಪೇಸಿಂಗ್ ಸಿಗುತ್ತದೆ. ಹಾಕಿದ್ದ ರಿಮ್ಮಿನಲ್ಲಿ ಅದು 102 ಮಿಲಿಮೀಟರ್ ಬಂತು. ಏಳು ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ ಒಟ್ಟು ಅಗಲ ಸುಮಾರು 203 ಮಿಲಿಮೀಟರ್ ಇರುವುದರಿಂದ ಆಫ್‌ಸೆಟ್ ಸೊನ್ನೆಯ ಹತ್ತಿರವಿತ್ತು. ಗುಜರಿಯಲ್ಲಿ ಸಿಕ್ಕಿದ ಮೂಲ ಐದೂವರೆ ಇಂಚಿನ ರಿಮ್ಮನ್ನು ಹೀಗೆಯೇ ಅಳೆದಾಗ ಅದರ ಮುಖವು ನಡುಗೆರೆಯಿಂದ ಏಳೆಂಟು ಮಿಲಿಮೀಟರ್ ಹೊರಕ್ಕಿತ್ತು. ಎರಡನ್ನೂ ಕೂಡಿಸಿ ಕಳೆದರೆ, ಹೊಸ ಟೈರಿನ ಒಳಗೋಡೆ ಪಾಟಾದ ಕಡೆಗೆ 10 ಮಿಲಿಮೀಟರ್, ಹೊರಗೋಡೆ ಮಡ್‌ಗಾರ್ಡಿನ ಕಡೆಗೆ 25 ಮಿಲಿಮೀಟರ್ ಸರಿದಿದೆ ಎಂದಾಯಿತು. ಟೈರು ಅಂಗಡಿಗಳಲ್ಲಿ ಸುಲಭವಾಗಿ ಸೂಚಿಸುವ ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ತಟ್ಟೆ) ಪರಿಹಾರವು ಇಲ್ಲಿಯೇ ಸೋಲುತ್ತದೆ: ಹತ್ತು ಮಿಲಿಮೀಟರಿನ ಸ್ಪೇಸರ್ ಹಾಕಿದರೆ ಒಳಗಿನ ಜಾಗ ಮರಳಿ ಬರುತ್ತದೆ, ಆದರೆ ಹೊರಗಿನ ಚಾಚು 35 ಮಿಲಿಮೀಟರಿಗೆ ಏರುತ್ತದೆ, ಗಾಲಿ ತಿರುಗುವಾಗ ಬಳಸುವ ಕಮಾನು ದೊಡ್ಡದಾಗುತ್ತದೆ, ಬಂಪರಿನ ಮೂಲೆಗೆ ಅದು ಇನ್ನಷ್ಟು ಜೋರಾಗಿ ತಾಗುತ್ತದೆ. ಜೊತೆಗೆ ತೆಳು ಸ್ಪೇಸರಿನಿಂದ ಸ್ಟಡ್ಡಿನ ಮೇಲೆ ನಟ್ಟಿಗೆ ಸಿಗುವ ಹಿಡಿತವೂ ಕುಗ್ಗುತ್ತದೆ. ಆದ್ದರಿಂದ ಸ್ಪೇಸರ್ ಎಂಬ ಮಾತನ್ನು ಆಗಲೇ ಕೈಬಿಟ್ಟೆ.

ಎತ್ತರಿಸುವುದರ ಬಗೆಗಿನ ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಾಣುವ ಜಾಗವು ಎತ್ತರಿಸಿದಷ್ಟೂ ಹೆಚ್ಚುತ್ತದೆ. ಆದರೆ ಗುಂಡಿಯಲ್ಲಿ ಗಾಲಿ ಮೇಲಕ್ಕೆ ನುಗ್ಗಿದಾಗ ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್ ಎಲ್ಲಿಯವರೆಗೆ ಏರಬಲ್ಲದು ಎಂಬುದನ್ನು ತೀರ್ಮಾನಿಸುವುದು ಪಾಟಾದ ಎತ್ತರವಲ್ಲ, ಚಾಸಿಗೆ ಬಿಗಿದ ರಬ್ಬರಿನ ಬಂಪ್ ಸ್ಟಾಪ್. ಅದು ಮೊದಲಿದ್ದ ಜಾಗದಲ್ಲಿಯೇ ಇದ್ದರೆ, ಎರಡು ಇಂಚು ಎತ್ತಿದರೂ ನಾಲ್ಕು ಇಂಚು ಎತ್ತಿದರೂ, ಪೂರ್ತಿ ಒತ್ತಿದಾಗ ಆಕ್ಸಲ್ ಬಂದು ನಿಲ್ಲುವ ಜಾಗ ಒಂದೇ. 33 ಮಿಲಿಮೀಟರ್ ಬೆಳೆದ ಟೈರು ಅಲ್ಲಿ ತಗಡಿಗೆ ಬಡಿಯಲೇಬೇಕು. ಹೆಚ್ಚುವರಿ ಎಲೆಯಿಂದ ಪಾಟಾ ಗಡುಸಾಗಿ ಆ ಹಂತ ತಲುಪುವುದು ಅಪರೂಪವಾಗಬಹುದು, ಅಷ್ಟೆ. ಶೆಡ್ಡಿನಲ್ಲಿ ನಿಲ್ಲಿಸಿ ಕುಲುಕಿ ನೋಡಿದವರಿಗೆ ಏನೂ ತಾಗದಿರುವುದಕ್ಕೂ, ಹೊಲದ ದಾರಿಯಲ್ಲಿ ವೇಗದಿಂದ ಇಳಿದವರಿಗೆ ಬಡಿತ ಕೇಳುವುದಕ್ಕೂ ಕಾರಣ ಇದೇ.

ತಿಕ್ಕುವ ಜಾಗಗಳನ್ನು ಹುಡುಕಲು ಗಾಡಿಯ ಅಡಿಭಾಗವನ್ನೂ ನಾಲ್ಕೂ ಗಾಲಿಗೂಡುಗಳನ್ನೂ ನೀರಿನ ಒತ್ತಡದಿಂದ ಚೆನ್ನಾಗಿ ತೊಳೆದು, ಒಣಗಿದ ಮೇಲೆ ಒಳಗೋಡೆಗಳಿಗೂ ಪಾಟಾದ ಪಕ್ಕಕ್ಕೂ ಬಂಪರಿನ ಹಿಂಬದಿಗೂ ಸುಣ್ಣದ ತಿಳಿಯನ್ನು ಬಳಿಯಲಾಯಿತು. ಹಾಗೆ ಬಳಿದುಕೊಂಡು ಕಲಘಟಗಿ ಕಡೆಯ ಒಂದು ಕಚ್ಚಾ ದಾರಿಯಲ್ಲಿ ಓಡಿಸಿ ತಂದರೆ, ಸುಣ್ಣ ಅಳಿಸಿದ ಜಾಗಗಳೇ ಸಾಕ್ಷಿ ಹೇಳುತ್ತವೆ. ಟೈರಿನ ಯಾವ ಭುಜಕ್ಕೆ ಬಿಳಿ ಹತ್ತಿದೆ ಎಂಬುದನ್ನು ನೋಡಿದರೆ ತಿರುವಿನಲ್ಲಿ ತಾಗಿದ್ದೋ ಕುಸಿತದಲ್ಲಿ ತಾಗಿದ್ದೋ ಎಂಬುದೂ ತಿಳಿಯುತ್ತದೆ.

ನಾಲ್ಕು ಜಾಗಗಳು ಕಂಡವು, ಪ್ರತಿಯೊಂದಕ್ಕೂ ಕಾರಣ ಬೇರೆ. ಬಲಕ್ಕೆ ಪೂರ್ತಿ ತಿರುಗಿಸಿದಾಗ ಬಲಗಾಲಿಯ ಮುಂಭಾಗ ಹೊರಕ್ಕೂ ಹಿಂಭಾಗ ಒಳಕ್ಕೂ ಸರಿಯುತ್ತದೆ. ಒಳಕ್ಕೆ ಸರಿದ ಭುಜವು ಪಾಟಾದ ಹಿಂದಿನ ಅರ್ಧಕ್ಕೆ ಉಜ್ಜುತ್ತಿತ್ತು. ತಿರುವಿನ ಒಳಗಡೆಯ ಗಾಲಿ ಹೊರಗಡೆಯದಕ್ಕಿಂತ ಹೆಚ್ಚು ಕೋನ ತಿರುಗುವುದರಿಂದ ಆಯಾ ದಿಕ್ಕಿನ ಒಳಗಾಲಿಯೇ ಮೊದಲು ಪಾಟಾ ಮುಟ್ಟುತ್ತದೆ. ಅದೇ ಗಾಲಿಯ ಹೊರಕ್ಕೆ ಹೋದ ಮುಂಭಾಗವು ಬಂಪರಿನ ಮೂಲೆಗೆ ತಾಗುತ್ತಿತ್ತು. ಮೂರನೆಯದು, ತಿರುವಿನ ಹೊರಗಡೆಯ ಗಾಲಿಯ ಹಿಂಭಾಗ ಮಡ್‌ಗಾರ್ಡಿನ ಹಿಂದಿನ ಕೆಳಮೂಲೆಗೆ, ಎರಡು ತಗಡುಗಳನ್ನು ಜೋಡಿಸಿ ಸ್ಪಾಟ್ ವೆಲ್ಡ್ ಮಾಡಿದ ಬೆಸುಗೆಯಂಚಿಗೆ ಬಡಿಯುತ್ತಿದ್ದದ್ದು. ಇದು ಅರ್ಧ ತಿರುವು ಮತ್ತು ಕುಸಿತ ಎರಡೂ ಕೂಡಿದಾಗ ಮಾತ್ರ ಆಗುತ್ತಿತ್ತು. ನಾಲ್ಕನೆಯದು ಹಿಂದಿನ ಗಾಲಿಗಳದು. ಆಕ್ಸಲ್ ಓರೆಯಾಗಿ ತಿರುಚಿಕೊಂಡಾಗ ಮೇಲೇರಿದ ಕಡೆಯ ಟೈರು ಗಾಲಿಗೂಡಿನ ಕಮಾನಿನ ತುಟಿಗೆ ಸವರುತ್ತಿತ್ತು.

ಇಷ್ಟಾದರೂ ಒಂದು ವಿಷಯ ಹೊಂದಿಕೆಯಾಗಲಿಲ್ಲ. ಎಡಬದಿಯ ಪಾಟಾದ ಮೇಲೆ ಸುಣ್ಣ ತೆಳುವಾಗಿ ಅಳಿಸಿತ್ತು, ಬಲಬದಿಯಲ್ಲಿ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ಎರಡೂ ಕಡೆ ಒಂದೇ ರಿಮ್ಮು, ಒಂದೇ ಟೈರು ಇರುವಾಗ ಗುರುತುಗಳು ಇಷ್ಟು ಬೇರೆಯಾಗಬಾರದು. ತಗಡು ಕತ್ತರಿಸುವ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ, ಆಕ್ಸಲ್ ತನ್ನ ಜಾಗದಲ್ಲಿ ಇದೆಯೇ ಎಂಬುದನ್ನು ಅಳೆಯಬೇಕಾಯಿತು. ಮುಂದಿನ ಮತ್ತು ಹಿಂದಿನ ಹಬ್ಬಿನ ನಡುಬಿಂದುಗಳಿಂದ ತೂಗುಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ, ಎರಡೂ ಬದಿಯ ಅಂತರವನ್ನು ಅಳೆದೆವು. ಜಿಪ್ಸಿಯ ವ್ಹೀಲ್‌ಬೇಸ್ 2375 ಮಿಲಿಮೀಟರ್. ಎಡಗಡೆ 2372 ಸಿಕ್ಕಿತು, ಬಲಗಡೆ 2365. ಚಾಸಿಯ ರಂಧ್ರಗಳಿಂದ ಆಕ್ಸಲಿನ ತುದಿಗಳಿಗೆ ಕರ್ಣಾಕಾರದಲ್ಲಿ ಅಳೆದಾಗಲೂ ಇದೇ ವ್ಯತ್ಯಾಸ ಕಂಡಿತು.

ಎರಡೂ ಕಡೆ ಎರಡು ಮೂರು ಮಿಲಿಮೀಟರ್ ಹಿಂದೆ ಸರಿದಿರುವುದು ಸಹಜ. ಜಿಪ್ಸಿಯ ಮುಂದಿನ ಪಾಟಾದಲ್ಲಿ ಶ್ಯಾಕಲ್ ಮುಂದಿನ ತುದಿಗಿದ್ದು ಹಿಂದಿನ ಕಿವಿ (ಸುರುಳಿ ಮಾಡಿದ ತುದಿ) ಚಾಸಿಗೆ ಸ್ಥಿರವಾಗಿ ಕಟ್ಟಿರುತ್ತದೆ. ಎಲೆ ಸೇರಿಸಿ ಪಾಟಾವನ್ನು ಹೆಚ್ಚು ಬಾಗಿಸಿದಾಗ ಅದರ ಎರಡು ತುದಿಗಳ ನಡುವಿನ ನೇರ ಅಂತರ ಕಡಿಮೆಯಾಗಿ ಆಕ್ಸಲ್ ಸ್ಥಿರವಾದ ಹಿಂದಿನ ಕಿವಿಯ ಕಡೆಗೆ ಜರುಗುತ್ತದೆ. ಗುಂಡಿಯಲ್ಲಿ ಪಾಟಾ ಚಪ್ಪಟೆಯಾದಾಗ ಅದು ಮತ್ತೆ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಎತ್ತರಿಸಿದ ಗಾಡಿಯ ಟೈರು ನಿಂತಾಗ ಹಿಂದಿನ ಬೆಸುಗೆಯಂಚಿಗೆ ಹತ್ತಿರ, ಒತ್ತಿದಾಗ ಬಂಪರಿಗೆ ಹತ್ತಿರ. ಆದರೆ ಬಲಗಡೆಯ ಏಳು ಮಿಲಿಮೀಟರ್ ಹೆಚ್ಚಿನ ಕೊರತೆಗೆ ಈ ವಿವರಣೆ ಸಾಲದು.

ಹುಬ್ಬಳ್ಳಿಯಲ್ಲಿ ಪಾಟಾ ಕೆಲಸ ಬಲ್ಲವರಿಗೆ ಬರವಿಲ್ಲ. ರಾಷ್ಟ್ರೀಯ ಹೆದ್ದಾರಿ 48, 52 ಮತ್ತು 67 ಇಲ್ಲಿ ಕೂಡುವುದರಿಂದ ಊರಿನ ಅಂಚಿನಲ್ಲಿ ಲಾರಿಗಳ ಪಾಟಾ ಕಟ್ಟುವ ಮಿಸ್ತ್ರಿಗಳು ಸಾಲಾಗಿ ಸಿಗುತ್ತಾರೆ. ಅವರಲ್ಲೊಬ್ಬ ಹಿರಿಯರು ಗಾಡಿಯ ಕೆಳಗೆ ಬಗ್ಗಿ, ಉದ್ದನೆಯ ಸಬ್ಬಲನ್ನು ಪಾಟಾದ ಕಿವಿ ಮತ್ತು ಬ್ರಾಕೆಟ್ಟಿನ ನಡುವೆ ತೂರಿಸಿ ಒಮ್ಮೆ ಮೀಟಿದರು. ಬಲಬದಿಯ ಹಿಂದಿನ ಕಿವಿ ಕಣ್ಣಿಗೆ ಕಾಣುವಂತೆ ಅಲುಗಾಡಿತು. ಬಿಚ್ಚಿದಾಗ ಕಿವಿಯೊಳಗಿನ ರಬ್ಬರ್ ಬುಷ್ ಅರ್ಧಕ್ಕರ್ಧ ತಿಂದುಹೋಗಿ ರಂಧ್ರ ಮೊಟ್ಟೆಯಾಕಾರವಾಗಿತ್ತು, ಅದೇ ಬದಿಯ ಶ್ಯಾಕಲ್ಲಿನ ಬುಷ್‌ಗಳೂ ಸಡಿಲಾಗಿದ್ದವು, ಆಕ್ಸಲನ್ನು ಪಾಟಾಕ್ಕೆ ಬಿಗಿಯುವ ಯು-ಬೋಲ್ಟಿನ ಒಂದು ನಟ್ಟು ಕೈಬೆರಳಿಗೆ ತಿರುಗುವಷ್ಟು ಸಡಿಲವಿತ್ತು. ಉದ್ದನೆಯ ಶ್ಯಾಕಲ್ ಈ ಸಡಿಲನ್ನು ಇನ್ನಷ್ಟು ಹಿಗ್ಗಿಸುತ್ತದೆ: ಬುಷ್‌ನಲ್ಲಿ ಒಂದು ಮಿಲಿಮೀಟರ್ ಆಟವಿದ್ದರೆ ಸನ್ನೆಕೋಲಿನ ಉದ್ದ ಬೆಳೆದಷ್ಟೂ ಪಾಟಾದ ತುದಿ ಪಕ್ಕಕ್ಕೆ ಹೆಚ್ಚು ಹೊರಳುತ್ತದೆ, ಅದರೊಂದಿಗೆ ಆಕ್ಸಲ್ಲೂ ಹೊರಳುತ್ತದೆ.

ನಾಲ್ಕು ಪಾಟಾಗಳ ಎಂಟೂ ತುದಿಗಳ ಬುಷ್‌ಗಳನ್ನು ಹೊಸದಾಗಿ ಹಾಕಿಸಿ, ಹಳೆಯ ಯು-ಬೋಲ್ಟುಗಳನ್ನು ಮರಳಿ ಬಳಸದೆ ಹೊಸದನ್ನೇ ತರಿಸಲಾಯಿತು. ಒಮ್ಮೆ ಬಿಗಿದು ಎಳೆತಕ್ಕೆ ಒಳಗಾದ ಯು-ಬೋಲ್ಟಿನ ಹಲ್ಲುಗಳು ಎರಡನೆಯ ಸಲ ಅದೇ ಬಿಗಿಯನ್ನು ಹಿಡಿಯುತ್ತವೆಂದು ನಂಬಲಾಗದು, ಮತ್ತು ಅದರ ಬೆಲೆ ಅಂಥ ದೊಡ್ಡದೂ ಅಲ್ಲ. ಮುಂದಿನ ಶ್ಯಾಕಲ್‌ಗಳನ್ನು ತೆಗೆದು ಕಂಪನಿಯ ಉದ್ದದವನ್ನು ಹಾಕಿದೆವು. ಶ್ಯಾಕಲ್ ಎಷ್ಟು ಉದ್ದವಾಗುತ್ತದೋ ಅದರ ಅರ್ಧದಷ್ಟು ಮಾತ್ರ ಗಾಡಿ ಏರುತ್ತದೆ, ಆದ್ದರಿಂದ 50 ಮಿಲಿಮೀಟರ್ ಕಡಿಮೆ ಮಾಡಿದಾಗ ಮುಂಭಾಗ 25 ಮಿಲಿಮೀಟರ್ ಇಳಿಯಿತು. ಎಲೆಯಿಂದ ಬಂದ ಸುಮಾರು 40 ಮಿಲಿಮೀಟರ್ ಏರಿಕೆ ಉಳಿದಿದೆ. ಈ ಬದಲಾವಣೆಗೆ ಇನ್ನೊಂದು ಲಾಭವೂ ಇತ್ತು. ಮುಂದಿನ ತುದಿಯ ಶ್ಯಾಕಲ್ ಉದ್ದವಾದಾಗ ಪಾಟಾದ ಮುಂಭಾಗ ಕೆಳಗೆ ಬಾಗಿ ಆಕ್ಸಲ್ ಮುಂದಕ್ಕೆ ಹೊರಳುತ್ತದೆ, ಗಾಲಿ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಗದಗ ರಸ್ತೆಯಲ್ಲಿ ಈ ಗಾಡಿ ಅತ್ತಿತ್ತ ಅಲೆಯುತ್ತಿದ್ದದ್ದು ಶ್ಯಾಕಲ್ ಬದಲಿಸಿದ ಕೂಡಲೇ ಬಹುಮಟ್ಟಿಗೆ ನಿಂತಿತು. ಬುಷ್ ಕೆಲಸದ ನಂತರ ಅಳೆದಾಗ ಎಡಬಲಗಳ ವ್ಯತ್ಯಾಸ ಒಂದು ಮಿಲಿಮೀಟರಿಗೆ ಇಳಿದಿತ್ತು. ಬಲ ಪಾಟಾದ ಉಜ್ಜುವಿಕೆಯಲ್ಲಿ ಹೆಚ್ಚಿನ ಪಾಲು ಇಷ್ಟರಲ್ಲಿಯೇ ಹೋಯಿತು, ಇನ್ನೂ ಏನನ್ನೂ ಕತ್ತರಿಸಿರಲಿಲ್ಲ.

ಪಾಟಾ ಹೇಗೂ ಬಿಚ್ಚಿದ್ದರಿಂದ ಅತ್ಯಂತ ಉಪಯುಕ್ತವಾದ ಪರೀಕ್ಷೆಯನ್ನು ಆಗಲೇ ಮಾಡಿಕೊಂಡೆವು. ಜೋಡಿಸುವಾಗ ಎಲ್ಲ ಎಲೆಗಳನ್ನೂ ಹಾಕದೆ, ಕಿವಿಯಿರುವ ಮುಖ್ಯ ಎಲೆಯನ್ನು ಮಾತ್ರ ಗಿಡ್ಡ ಸೆಂಟರ್ ಬೋಲ್ಟಿನಿಂದ ಕಟ್ಟಿ ಗಾಡಿಯನ್ನು ಮೆಲ್ಲಗೆ ಇಳಿಸಿದರೆ, ಒಂದೇ ಎಲೆಗೆ ಭಾರ ತಡೆಯಲಾಗದೆ ಆಕ್ಸಲ್ ನೇರವಾಗಿ ಬಂಪ್ ಸ್ಟಾಪಿಗೆ ಬಂದು ಕೂರುತ್ತದೆ. ಹೊಲದಲ್ಲಿ ಕ್ಷಣಮಾತ್ರ ಬಂದು ಹೋಗುವ ಸ್ಥಿತಿಯನ್ನು ಶೆಡ್ಡಿನಲ್ಲಿ ಬೇಕಾದಷ್ಟು ಹೊತ್ತು ನಿಲ್ಲಿಸಿಕೊಂಡು ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ. ಈ ಸ್ಥಿತಿಯಲ್ಲಿ ಗಾಡಿಯನ್ನು ಓಡಿಸಬಾರದು, ಇಂಜಿನ್ ಚಾಲೂ ಮಾಡಿ ಒಂದಡಿ ಸರಿಸುವುದೂ ಬೇಡ. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡುಗಳಿರದೆ ಬರೀ ಜಾಕನ್ನು ನಂಬಿ ಯಾರೂ ಒಳಗೆ ನುಗ್ಗಬಾರದು. ಮುಂದಿನ ಒಂದು ಗಾಲಿಯ ಕೆಳಗೆ ಹಳೆಯ ರೈಲ್ವೆ ಸ್ಲೀಪರಿನ ಮರದ ತುಂಡುಗಳನ್ನು ಜೋಡಿಸಿ, ಎದುರು ಗಾಲಿಯನ್ನು ತಗ್ಗಿನಲ್ಲಿರಿಸಿ, ತಿರುಚಿದ ಸ್ಥಿತಿಯನ್ನೂ ಹೀಗೆಯೇ ನೋಡಿದೆವು.

ಅಂತರ ಅಳೆಯಲು ಗೋಧಿ ಹಿಟ್ಟಿನ ಕಣಕ ಬಳಸಿದೆ. ಅನುಮಾನವಿದ್ದ ಜಾಗಗಳಿಗೆ ನಿಂಬೆ ಗಾತ್ರದ ಉಂಡೆಗಳನ್ನು ಅಂಟಿಸಿ, ಗಾಡಿಯನ್ನು ಇಳಿಸಿ, ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಮತ್ತೆ ಎತ್ತಿ, ಉಳಿದ ಕಣಕದ ದಪ್ಪವನ್ನು ಕ್ಯಾಲಿಪರಿನಿಂದ ಅಳೆದರೆ ಜಾಗ ಎಷ್ಟಿದೆಯೆಂಬುದು ಮಿಲಿಮೀಟರಿನಲ್ಲಿ ತಿಳಿಯುತ್ತದೆ. ಮನೆಯಲ್ಲಿ ಸುಲಭವಾಗಿ ಸಿಗುವ ಜೋಳದ ಹಿಟ್ಟು ಇದಕ್ಕೆ ಆಗದು. ಬಿರುಕು ಬಿಟ್ಟು ಉದುರಿಹೋಗುತ್ತದೆ, ರೊಟ್ಟಿಗೇ ಅದನ್ನು ಬಿಡುವುದು ಲೇಸು. ಮುಂದಿನ ಮಡ್‌ಗಾರ್ಡಿನ ಒಳಮೇಲ್ಭಾಗದಲ್ಲಿ ಟೈರಿನ ಗಟ್ಟಿಗಳು ಕಣಕವನ್ನು ಸೀಳಿ ತಗಡಿಗೇ ಮುಟ್ಟಿದ್ದವು. ಹಿಂದಿನ ಬೆಸುಗೆಯಂಚಿನ ಬಳಿಯೂ ಹಾಗೆಯೇ. ಬಂಪರಿನ ಮೂಲೆಯಲ್ಲಿ ನಾಲ್ಕು ಮಿಲಿಮೀಟರ್ ಉಳಿದಿತ್ತು.

ಮಡ್‌ಗಾರ್ಡಿನ ಮೇಲ್ಭಾಗಕ್ಕೆ ಪರಿಹಾರ ಬಂಪ್ ಸ್ಟಾಪನ್ನು ಕೆಳಗಿಳಿಸುವುದು. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಲೇತ್ ಶೆಡ್ಡಿನಲ್ಲಿ ಬ್ರಾಕೆಟ್ಟಿನ ಆಕಾರಕ್ಕೆ ಹೊಂದುವ 15 ಮಿಲಿಮೀಟರ್ ದಪ್ಪದ ಕಬ್ಬಿಣದ ತಟ್ಟೆಗಳನ್ನು ಮಾಡಿಸಿ, ಒಂದೊಂದು ಸ್ಟಾಪಿನ ಮೇಲೆ ಎರಡರಂತೆ ಜೋಡಿಸಿ, ಉದ್ದನೆಯ ಬೋಲ್ಟಿನಿಂದ ಬಿಗಿಯಲಾಯಿತು. ಒಟ್ಟು 30 ಮಿಲಿಮೀಟರ್. ಟೈರಿನ ತ್ರಿಜ್ಯ 33 ಮಿಲಿಮೀಟರ್ ಬೆಳೆದಿರುವಾಗ 30ರಷ್ಟು ಹಿಂದಕ್ಕೆ ಪಡೆದರೆ, ಪೂರ್ತಿ ಒತ್ತಿದಾಗ ಉಳಿಯುವ ಜಾಗ ಕಂಪನಿ ಕೊಟ್ಟ ಜಾಗಕ್ಕೆ ಮೂರೇ ಮಿಲಿಮೀಟರ್ ಕಡಿಮೆ. ಹೀಗೆ ಮಾಡಿದರೆ ಸಸ್ಪೆನ್ಷನ್ನಿನ ಓಟ (ಗಾಲಿ ಮೇಲೆ ಕೆಳಗೆ ಚಲಿಸುವ ದೂರ) ಕಡಿಮೆಯಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಗಾಡಿ 40 ಮಿಲಿಮೀಟರ್ ಏರಿದೆ, ಸ್ಟಾಪು 30 ಇಳಿದಿದೆ, ಆದ್ದರಿಂದ ಮೇಲ್ಮುಖದ ಓಟ ಮೂಲಕ್ಕಿಂತ ಇನ್ನೂ 10 ಮಿಲಿಮೀಟರ್ ಹೆಚ್ಚೇ ಇದೆ. ಹಿಂದಿನ ಮಾಲೀಕರು ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿಸಿದ್ದರಿಂದ ಇದಕ್ಕೆ ಇನ್ನೊಂದು ಅಗತ್ಯವೂ ಇತ್ತು. ಉದ್ದನೆಯ ಶಾಕ್ ಮುಚ್ಚಿದಾಗಲೂ ಮೂಲದ್ದಕ್ಕಿಂತ ಉದ್ದವಿರುತ್ತದೆ. ಬಂಪ್ ಸ್ಟಾಪ್ ತಾಗುವ ಮೊದಲೇ ಶಾಕ್ ತನ್ನ ತುದಿ ಮುಟ್ಟಿದರೆ ಆ ಏಟನ್ನೆಲ್ಲ ಅದರ ಕಿವಿಯೇ ತಿನ್ನಬೇಕಾಗುತ್ತದೆ. ಪಾಟಾದ ಒಂದೇ ಎಲೆಯ ಪರೀಕ್ಷೆಯಲ್ಲಿ ಶಾಕ್‌ನ ದಂಡ ಇನ್ನೂ ಹೊರಗೆ ಉಳಿದಿರುವುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡೆವು. ಗಾಲಿ ಪೂರ್ತಿ ಜೋತುಬಿದ್ದಾಗ ಬ್ರೇಕಿನ ಹೋಸ್ ಪೈಪು ಬಿಗಿಯಾಗುವುದಿಲ್ಲ ಎಂಬುದನ್ನೂ ಆಗಲೇ ನೋಡಲಾಯಿತು.

ಪಾಟಾಕ್ಕೆ ಉಜ್ಜುವುದನ್ನು ಪೂರ್ತಿ ನಿಲ್ಲಿಸಲು ಗಾಲಿಯನ್ನು ಹೊತ್ತು ತಿರುಗುವ ನಕಲ್ಲಿನ ಮೇಲಿರುವ ಸ್ಟಿಯರಿಂಗ್ ಸ್ಟಾಪರ್ ಬೋಲ್ಟುಗಳೇ ಸಾಕು. ಈ ಬೋಲ್ಟಿನ ತಲೆ ತಾಗುವ ಜಾಗ ನಕಲ್ಲು ತಿರುಗುವ ಅಚ್ಚಾದ ಕಿಂಗ್‌ಪಿನ್ನಿಗೆ ಹತ್ತಿರವಿರುತ್ತದೆ, ಟೈರಿನ ಭುಜ ದೂರವಿರುತ್ತದೆ, ಆದ್ದರಿಂದ ಬೋಲ್ಟನ್ನು ಒಂದು ಮಿಲಿಮೀಟರ್ ಹೊರಕ್ಕೆ ತೆಗೆದರೆ ಟೈರಿನ ಅಂಚಿನಲ್ಲಿ ನಾಲ್ಕೈದು ಮಿಲಿಮೀಟರ್ ಜಾಗ ಸಿಗುತ್ತದೆ. ಲಾಕ್ ನಟ್ ಸಡಿಲಿಸಿ, ಕಾಲು ಕಾಲು ಸುತ್ತು ತಿರುಗಿಸುತ್ತ, ಪ್ರತಿ ಸಲವೂ ಅಳೆಯಬೇಕು. ಎರಡೂ ಬದಿಯಲ್ಲಿ ಟೈರಿಗೂ ಪಾಟಾಕ್ಕೂ 15 ಮಿಲಿಮೀಟರ್ ಅಂತರ ಬರುವಂತೆ ಕಟ್ಟಿದೆವು. ಇದೇ ಬೋಲ್ಟನ್ನು ಹೆಚ್ಚು ತಿರುವು ಸಿಗಲೆಂದು ಒಳಕ್ಕೆ ಕಳಿಸುವವರೂ ಇದ್ದಾರೆ, ನಕಲ್ಲಿನೊಳಗಿನ ತಿರುಗಿದ ಗಾಲಿಗೂ ಇಂಜಿನ್ನಿನ ಬಲ ಮುಟ್ಟಿಸುವ ಸಿ.ವಿ. ಜಾಯಿಂಟು ತಡೆಯಬಲ್ಲ ಕೋನಕ್ಕೆ ಮಿತಿ ಹಾಕಿರುವುದು ಇದೇ ಬೋಲ್ಟು ಎಂಬುದು ಅವರಿಗೆ ಜಾಯಿಂಟು ಮುರಿದ ಮೇಲೆಯೇ ಗೊತ್ತಾಗುತ್ತದೆ. ಹೊರಕ್ಕೆ ತೆಗೆದುದರ ಬೆಲೆಯೆಂದರೆ ತಿರುಗುವ ವೃತ್ತ ದೊಡ್ಡದಾಗುವುದು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಒಂದೇ ಸಲಕ್ಕೆ ಹೊರಳುತ್ತಿದ್ದ ಕಡೆ ಈಗ ಒಮ್ಮೆ ಹಿಂದಕ್ಕೆ ತೆಗೆಯಬೇಕಾಗುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ.

ಕತ್ತರಿಸುವ ಕೆಲಸ ಉಳಿದದ್ದು ಎರಡೇ ಕಡೆ. ಗಾಡಿಯಲ್ಲಿದ್ದ ಕಬ್ಬಿಣದ ಬಂಪರು ಮೂಲದ್ದಲ್ಲ, ಹೊರಗೆ ಮಾಡಿಸಿದ್ದು. ಅದರ ಎರಡೂ ಮೂಲೆಗಳನ್ನು ಕೆಳಗಿನಿಂದ ಓರೆಯಾಗಿ ಕತ್ತರಿಸಿ ಅದೇ ದಪ್ಪದ ಪಟ್ಟಿಯಿಂದ ಬಾಯಿ ಮುಚ್ಚಿ ವೆಲ್ಡ್ ಮಾಡಲಾಯಿತು. ಬಾಯಿ ಮುಚ್ಚದ ಹರಿತ ಅಂಚು ಒಂದು ದಿನ ಟೈರಿನ ಗೋಡೆಯನ್ನೇ ಸೀಳಬಹುದು. ಹಿಂದಿನ ಬೆಸುಗೆಯಂಚಿನ ವಿಷಯದಲ್ಲಿ ಗ್ರೈಂಡರ್ ಹಿಡಿಯಲು ನಾನು ಒಪ್ಪಲಿಲ್ಲ. ಎರಡು ತಗಡುಗಳ ಜೋಡಣೆಯನ್ನು ಹಿಡಿದಿರುವ ಸ್ಪಾಟ್ ವೆಲ್ಡುಗಳು ಆ ಅಂಚಿನಲ್ಲಿಯೇ ಇರುತ್ತವೆ, ಅದನ್ನು ಕತ್ತರಿಸಿದರೆ ಮೈಯ ಗಟ್ಟಿತನವೂ ಹೋಗುತ್ತದೆ, ನೀರು ಹೋಗುವ ಸಂದೂ ತೆರೆಯುತ್ತದೆ. ಬಣ್ಣವನ್ನು ಕೆರೆದು ತೆಗೆದು, ಅಂಚನ್ನು ಸುತ್ತಿಗೆ ಮತ್ತು ಅಡಿಗಟ್ಟಿಯಿಂದ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಮಡಚಿ, ಸತುವಿನ ಪ್ರೈಮರ್, ಸೀಮ್ ಸೀಲರ್, ಅದರ ಮೇಲೆ ಅಂಡರ್‌ಬಾಡಿ ಲೇಪನ ಹಾಕಿದೆವು. ಹಳೆಯ ಜಿಪ್ಸಿಗೆ ಟೈರಿಗಿಂತ ದೊಡ್ಡ ಶತ್ರು ತುಕ್ಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಇಂಜಿನ್ನನ್ನು ನಿಯಂತ್ರಿಸುವ ಇ.ಸಿ.ಯು. ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಪ್ಲಗ್ಗನ್ನೂ ತೆಗೆದಿಡಬೇಕು, ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ರೂಢಿಯಾದ ಕೈಗಳು ಇದನ್ನು ಮರೆಯುತ್ತವೆ.

ಹಿಂದಿನ ಗಾಲಿಗಳ ಕತೆ ಚಿಕ್ಕದು. ಅಲ್ಲಿಯೂ 30 ಮಿಲಿಮೀಟರ್ ತಟ್ಟೆಗಳು, ಹೊಸ ಬುಷ್‌ಗಳು, ಕಮಾನಿನ ತುಟಿಯನ್ನು ಒಳಕ್ಕೆ ಮಡಚಿದ್ದು, ಅಷ್ಟೆ.

ಎಲ್ಲ ಎಲೆಗಳನ್ನೂ ಮರಳಿ ಕಟ್ಟಿದ ಮೇಲೆ ಟೋ-ಇನ್ (ಮುಂದಿನ ಗಾಲಿಗಳು ಮುಂಭಾಗದಲ್ಲಿ ಒಳಕ್ಕೆ ವಾಲುವ ಅಳತೆ) ಸರಿಪಡಿಸಿ, ನಿಜವಾದ ಪರೀಕ್ಷೆಗೆ ಮಳೆ ಬೀಳುವವರೆಗೆ ಕಾಯಬೇಕಾಯಿತು. ಅಣ್ಣಿಗೇರಿ, ನವಲಗುಂದ ಕಡೆಯ ಎರೆಭೂಮಿಯನ್ನು ಬಲ್ಲವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಒಣಗಿದಾಗ ಬಿರುಕು ಬಿಡುವ, ನೆನೆದಾಗ ಉಬ್ಬಿ ಅಂಟುವ ಈ ಕರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಅದು ಟೈರಿನ ಗಟ್ಟಿಗಳ ನಡುವೆ ತುಂಬಿ, ಪದರದ ಮೇಲೆ ಪದರ ಸೇರಿ, ಟೈರಿನ ವ್ಯಾಸವನ್ನೇ ಬೆಳೆಸುತ್ತದೆ. ಧಾರವಾಡದ ಪಶ್ಚಿಮಕ್ಕೆ ಅಳ್ನಾವರದ ಕಡೆಯ ಕೆಂಪು ಮಣ್ಣಿನಲ್ಲಿ ಐದು ಮಿಲಿಮೀಟರ್ ಅಂತರವಿದ್ದರೂ ನಡೆದೀತು. ಎರೆಯಲ್ಲಿ ಅದು ಅಂತರವೇ ಅಲ್ಲ. ಪಾಟಾದ ಬಳಿ 15 ಮಿಲಿಮೀಟರ್ ಬೇಕೆಂದು ಹಟ ಹಿಡಿದದ್ದು, ಮಡ್‌ಗಾರ್ಡಿನ ಒಳಗೆ ಕಣಕದ ಅಳತೆ 28 ಮಿಲಿಮೀಟರ್ ಬಂದ ಮೇಲೆಯೇ ತೃಪ್ತಿಪಟ್ಟದ್ದು ಇದೇ ಕಾರಣಕ್ಕೆ. ಬೆಣ್ಣೆಹಳ್ಳದ ಹತ್ತಿರದ ಒಂದು ಬಂಡಿದಾರಿಯಲ್ಲಿ, ಮಳೆ ನಿಂತು ನೆಲ ಅರೆ ಒಣಗಿ ಅಂಟು ಅತಿ ಹೆಚ್ಚಾಗುವ ಹೊತ್ತಿನಲ್ಲಿ, ಹಿಂದೆ ಪೂರ್ತಿ ಹೇರು ಇಟ್ಟುಕೊಂಡು ಓಡಿಸಿ ನೋಡಿದೆವು. ಕುಸಿತದಲ್ಲಿ ಬಂಪ್ ಸ್ಟಾಪ್ ತಾಗಿದ ಮೆತ್ತನೆಯ ಏಟು ಕೇಳಿಸಿತು, ಟೈರಿನ ಸದ್ದು ಬರಲಿಲ್ಲ. ತಿರುವಿನ ತುದಿಯಲ್ಲಿ ಮಣ್ಣು ಪಾಟಾಕ್ಕೆ ಸವರಿ ಉದುರುತ್ತಿತ್ತು, ರಬ್ಬರು ಮುಟ್ಟಿರಲಿಲ್ಲ. ಹಿಂದಿನ ಮಡ್‌ಫ್ಲಾಪುಗಳು ಮಾತ್ರ ಹಿಮ್ಮುಖವಾಗಿ ತೆಗೆಯುವಾಗ ಟೈರಿನ ಕೆಳಗೆ ಸಿಕ್ಕಿ ಕಿತ್ತುಬರುವಂತಿದ್ದವು, ಅವುಗಳನ್ನು ಒಂದು ಗೇಣು ಗಿಡ್ಡ ಮಾಡಿದೆ.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನೂ ಶ್ಯಾಕಲ್ ಪಿನ್ನುಗಳನ್ನೂ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಲಾಯಿತು. ಹೊಸ ಎಲೆಗಳೂ ಬುಷ್‌ಗಳೂ ಕೂತುಕೊಳ್ಳುವಾಗ ಅವು ಸಡಿಲಾಗುವುದು ಸಾಮಾನ್ಯ. ಟೈರಿನ ವ್ಯಾಸ ಸುಮಾರು ಶೇಕಡಾ 10ರಷ್ಟು ಬೆಳೆದಿರುವುದರಿಂದ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿಯ ನಿಜವಾದ ವೇಗ 66ರ ಹತ್ತಿರವಿರುತ್ತದೆ ಎಂಬುದನ್ನು ಓಡಿಸುವವರೆಲ್ಲರಿಗೂ ಹೇಳಿಟ್ಟಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೊಂಡ ಗಾಡಿಯಲ್ಲಿ ಯಾರೋ ಮಾಡಿದ ಮಾರ್ಪಾಡಿಗೂ ಉತ್ತರ ಹೇಳಬೇಕಾದವನು ಈಗಿನ ಮಾಲೀಕನೇ. ಇನ್ನಷ್ಟು ಎತ್ತಿಸುವ ಸಲಹೆಯನ್ನು ತಳ್ಳಿಹಾಕಲು ಇದೂ ಒಂದು ಕಾರಣವಾಗಿತ್ತು.

ಈ ಟೈರುಗಳು ಸವೆದ ಮೇಲೆ 215/75 ಆರ್15 ಹಾಕುವ ವಿಚಾರವಿದೆ. ಅದರ ವ್ಯಾಸ 703.5 ಮಿಲಿಮೀಟರ್, ಅಂದರೆ ತ್ರಿಜ್ಯದಲ್ಲಿ ಈಗಿನದಕ್ಕಿಂತ 15 ಮಿಲಿಮೀಟರ್ ಕಡಿಮೆ. ಬಂಪ್ ಸ್ಟಾಪಿನ ಮೇಲೆ ಒಂದೇ ದಪ್ಪ ಗಟ್ಟಿಯ ಬದಲು ಎರಡು ತಟ್ಟೆಗಳನ್ನು ಹಾಕಿಸಿದ್ದು ಆ ಲೆಕ್ಕದಿಂದಲೇ. ಆಗ ಪ್ರತಿ ಮೂಲೆಯಿಂದ ಒಂದೊಂದು ತಟ್ಟೆ ತೆಗೆದು, ಮುಂದಿನ ಪಾಟಾದ ಹೆಚ್ಚುವರಿ ಎಲೆಯನ್ನೂ ಬಿಚ್ಚಿ, ಸ್ಟಾಪರ್ ಬೋಲ್ಟನ್ನು ಕಂಪನಿಯ ಗುರುತಿನವರೆಗೆ ಹಿಂದಕ್ಕೆ ಕಳಿಸಬಹುದು. ಆ ಗುರುತನ್ನು ಬಿಚ್ಚುವ ಮೊದಲೇ ನಕಲ್ಲಿನ ಮೇಲೆ ಪಂಚ್ ಹೊಡೆದು ಇಟ್ಟಿದ್ದೇನೆ.